ಮೆದುಳಿನ ಗೆಡ್ಡೆಯ ಶಸ್ತ್ರಚಿಕಿತ್ಸೆಯ ನಂತರ ನಡಿಗೆ ಮತ್ತು ಸಮತೋಲನ: ಪದೇ ಪದೇ ಕೇಳುವ ಪ್ರಶ್ನೆಗಳು

ಮೆದುಳಿನ ಗೆಡ್ಡೆ ತೆಗೆಸಿಕೊಂಡು ಮನೆಗೆ ಮರಳಿದ ಮೈಸೂರು, ಮಂಡ್ಯ ಭಾಗದ ರೋಗಿಗಳ ಮನೆಯವರು ಸಾಮಾನ್ಯವಾಗಿ ಕೇಳುವ ಪ್ರಶ್ನೆಗಳಿಗೆ ಇಲ್ಲಿ ಉತ್ತರಿಸಲಾಗಿದೆ. ಶಸ್ತ್ರಚಿಕಿತ್ಸೆ ಮಾಡಿದ ವೈದ್ಯರು ಯಾವುದಾದರೂ ವಿಷಯದಲ್ಲಿ ಬೇರೆ ರೀತಿ ಹೇಳಿದ್ದರೆ ಅವರ ಮಾತನ್ನೇ ಪಾಲಿಸಬೇಕು.

ಪ್ರಶ್ನೆ: ಗೆಡ್ಡೆಯನ್ನು ಪೂರ್ತಿ ತೆಗೆದಿದ್ದೇವೆ ಎಂದು ಡಾಕ್ಟರು ಹೇಳಿದರು. ಆದರೂ ನಮ್ಮ ತಂದೆಯವರು ತೂರಾಡಿಕೊಂಡೇ ನಡೆಯುತ್ತಾರೆ. ಏಕೆ?

ಗೆಡ್ಡೆ ಹೋಗಿದೆ ಎಂದ ಮಾತ್ರಕ್ಕೆ ಅದು ಒತ್ತಿಕೊಂಡಿದ್ದ ಜಾಗ ಆ ದಿನವೇ ಸರಿಹೋಗುವುದಿಲ್ಲ. ಶಸ್ತ್ರಚಿಕಿತ್ಸೆಯಿಂದಲೂ ಸುತ್ತಲಿನ ಭಾಗ ಸ್ವಲ್ಪ ಊದಿಕೊಳ್ಳುತ್ತದೆ, ಅದು ಇಳಿಯಲು ವಾರಗಳು ಬೇಕು. ಆದರೆ ಇಷ್ಟನ್ನು ತಿಳಿದುಕೊಂಡರೆ ಸಾಲದು. ‘ಬ್ಯಾಲೆನ್ಸ್ ಇಲ್ಲ’ ಎಂಬ ಒಂದೇ ಮಾತಿನ ಹಿಂದೆ ಹಲವು ಬೇರೆ ಬೇರೆ ತೊಂದರೆಗಳಿರುತ್ತವೆ, ಅವುಗಳಲ್ಲಿ ನಿಮ್ಮ ತಂದೆಯವರದು ಯಾವುದು ಎಂಬುದನ್ನು ವ್ಯಾಯಾಮ ಶುರುಮಾಡುವ ಮೊದಲೇ ವೈದ್ಯರನ್ನು ಕೇಳಿ ತಿಳಿದುಕೊಳ್ಳಬೇಕು.

ಗೆಡ್ಡೆ ತಲೆಯ ಹಿಂಭಾಗದ ಕಿರುಮೆದುಳಿನಲ್ಲಿ ಇದ್ದಿದ್ದರೆ ಕಾಲಿನಲ್ಲಿ ಶಕ್ತಿ ಇದ್ದರೂ ಹೆಜ್ಜೆಯ ಅಳತೆ ತಪ್ಪುತ್ತದೆ. ಕಿರುಮೆದುಳಿನ ಬಲಭಾಗಕ್ಕೆ ಪೆಟ್ಟಾದರೆ ತೊಂದರೆ ದೇಹದ ಬಲಗಡೆಯೇ ಕಾಣಿಸುತ್ತದೆ. ನಡುಭಾಗಕ್ಕೆ ಪೆಟ್ಟಾದರೆ ಕೈಕಾಲಿಗಿಂತ ಮುಂಡವೇ ಓಲಾಡುತ್ತದೆ, ಅಂಥವರು ಕಾಲುಗಳನ್ನು ಅಗಲಿಸಿಕೊಂಡು ನಡೆಯುತ್ತಾರೆ. ಮೆದುಳಿನ ಮೇಲ್ಭಾಗದಲ್ಲಿ, ಚಲನೆಯನ್ನು ನಡೆಸುವ ಜಾಗದ ಬಳಿ ಗೆಡ್ಡೆ ಇದ್ದಿದ್ದರೆ ಎದುರು ಬದಿಯ ಕೈಕಾಲು ಬಲಹೀನವಾಗುತ್ತದೆ. ಎರಡು ಅರ್ಧಗೋಳಗಳ ನಡುವಿನ ಸೀಳಿಗೆ ತಾಗಿಕೊಂಡು ಬೆಳೆಯುವ ಮೆನಿಂಜಿಯೋಮಾ (ಮೆದುಳಿನ ಹೊದಿಕೆಯಿಂದ ಹುಟ್ಟುವ) ಗೆಡ್ಡೆಗಳಲ್ಲಿ ಕೈಗಿಂತ ಕಾಲಿಗೇ ಹೆಚ್ಚು ತೊಂದರೆಯಾಗುವುದುಂಟು, ಏಕೆಂದರೆ ಕಾಲನ್ನು ನಿಯಂತ್ರಿಸುವ ಭಾಗ ಆ ಸೀಳಿನ ಒಳಮೈಯಲ್ಲಿದೆ. ಕಿವಿಯ ಸಮತೋಲನದ ನರದ ಮೇಲೆ ಬೆಳೆಯುವ ಶ್ವಾನೋಮಾ ಗೆಡ್ಡೆ ತೆಗೆದಾಗ ಆ ಬದಿಯಿಂದ ಬರುತ್ತಿದ್ದ ಸೂಚನೆಗಳೇ ನಿಂತುಹೋಗುವುದರಿಂದ ತಲೆ ತಿರುಗಿಸಿದರೆ ಮನೆಯೇ ತಿರುಗಿದಂತಾಗುತ್ತದೆ. ದೃಷ್ಟಿಯ ಹಾದಿಗೆ ಪೆಟ್ಟಾದವರು ಒಂದು ಬದಿಯ ಬಾಗಿಲಚೌಕಟ್ಟಿಗೆ ಮತ್ತೆ ಮತ್ತೆ ಭುಜ ತಾಗಿಸಿಕೊಳ್ಳುತ್ತಾರೆ. ನಡಿಗೆಯೇ ಕೆಟ್ಟಿದೆ ಎಂದು ಮನೆಯವರು ತಿಳಿದಿರುತ್ತಾರೆ, ವಾಸ್ತವದಲ್ಲಿ ಅವರಿಗೆ ಆ ಬದಿ ಕಾಣುತ್ತಲೇ ಇರುವುದಿಲ್ಲ.

ಬಿಡುಗಡೆಯ ದಿನ ಗಡಿಬಿಡಿಯಲ್ಲಿ ಕೇಳುವುದು ಮರೆತಿದ್ದರೆ, ಡಿಸ್ಚಾರ್ಜ್ ಹಾಳೆಯಲ್ಲಿ ಗೆಡ್ಡೆ ಇದ್ದ ಜಾಗದ ಹೆಸರು ಬರೆದಿರುತ್ತದೆ. ಫಿಸಿಯೋಥೆರಪಿಸ್ಟರ ಬಳಿ ಹೋಗುವಾಗ ಔಷಧಿ ಚೀಟಿಯ ಜೊತೆಗೆ ಆ ಹಾಳೆಯನ್ನೂ ತಪ್ಪದೆ ಒಯ್ಯಬೇಕು.

ಪ್ರಶ್ನೆ: ಕಾರಣ ಯಾವುದಾದರೇನು, ಎಲ್ಲರಿಗೂ ಒಂದೇ ವ್ಯಾಯಾಮ ಸಾಲದೇ?

ಸಾಲದು. ಬಲಹೀನತೆ ಇರುವವರಿಗೆ ಆ ಕಾಲಿನ ಮೇಲೆ ಭಾರ ಹಾಕುವ ಅಭ್ಯಾಸ ಮುಖ್ಯ: ಕುರ್ಚಿಯಿಂದ ಕೈಯೂರದೆ ಏಳುವುದು, ಅಡುಗೆಮನೆಯ ಕಟ್ಟೆ ಹಿಡಿದು ಬಲಹೀನ ಕಾಲಿನ ಮೇಲೆ ನಿಲ್ಲುವುದು, ಒಂದು ಮೆಟ್ಟಿಲು ಹತ್ತಿ ಇಳಿಯುವುದು. ಮುಂಗಾಲು ಜೋತುಬಿದ್ದು ನೆಲಕ್ಕೆ ಉಜ್ಜುತ್ತಿದ್ದರೆ ಪಾದವನ್ನು ಎತ್ತಿಹಿಡಿಯುವ ಪ್ಲಾಸ್ಟಿಕ್ ಪಟ್ಟಿಯನ್ನು ಅಳತೆಗೆ ಮಾಡಿಸಿ ಕೊಡುತ್ತಾರೆ. ಇಷ್ಟರಿಂದಲೇ ಕೆಲವರ ನಡಿಗೆ ಎಷ್ಟೋ ಸುಧಾರಿಸುತ್ತದೆ.

ಕಿರುಮೆದುಳಿನ ತೊಂದರೆ ಇರುವವರಿಗೆ ಶಕ್ತಿಯ ವ್ಯಾಯಾಮಕ್ಕಿಂತ ನಿಖರತೆಯ ಅಭ್ಯಾಸ ಬೇಕು. ನೆಲದ ಮೇಲೆ ಸೀಮೆಸುಣ್ಣದಿಂದ ಪಾದದ ಗುರುತುಗಳನ್ನು ಬರೆದು, ಅವುಗಳ ಮೇಲೆ ಸರಿಯಾಗಿ, ನಿಧಾನವಾಗಿ ಹೆಜ್ಜೆಯಿಡುವುದು ಇವರಿಗೆ ಹೇಳಿಕೊಡುವ ಅಭ್ಯಾಸಗಳಲ್ಲೊಂದು. ಫ್ರೆಂಕೆಲ್ ಎಂಬ ಸ್ವಿಸ್ ವೈದ್ಯರು ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಬೇರೊಂದು ನರರೋಗಕ್ಕಾಗಿ ರೂಪಿಸಿದ ಈ ಬಗೆಯ ವ್ಯಾಯಾಮಗಳು ಇಂದಿಗೂ ಅವರ ಹೆಸರಿನಲ್ಲೇ ಬಳಕೆಯಲ್ಲಿವೆ. ಇಲ್ಲಿ ಅವಸರ ಮಾಡಿದಷ್ಟೂ ಹೆಜ್ಜೆ ಕೆಡುತ್ತದೆ.

ಕಿವಿಯ ನರದ ತೊಂದರೆ ಇರುವವರದು ಇದಕ್ಕೆ ವಿರುದ್ಧ ದಾರಿ. ತಲೆ ತಿರುಗಿಸಿದರೆ ಸುತ್ತು ಬರುತ್ತದೆ ಎಂದು ಕತ್ತು ಅಲುಗಿಸದೆ ಕುಳಿತರೆ ಮೆದುಳು ಹೊಸ ಸ್ಥಿತಿಗೆ ಒಗ್ಗಿಕೊಳ್ಳುವುದೇ ಇಲ್ಲ. ಚಾಚಿದ ಕೈಯ ಹೆಬ್ಬೆರಳನ್ನೇ ನೋಡುತ್ತಾ ತಲೆಯನ್ನು ಎಡಕ್ಕೂ ಬಲಕ್ಕೂ ಆಡಿಸುವ ಅಭ್ಯಾಸದಲ್ಲಿ ಸ್ವಲ್ಪ ಸುತ್ತು ಬರಲೇಬೇಕು. ನಿಲ್ಲಿಸಿದ ಮೇಲೆ ಕೆಲವು ನಿಮಿಷಗಳಲ್ಲಿ ಅದು ಇಳಿದರೆ ಅಭ್ಯಾಸದ ಪ್ರಮಾಣ ಸರಿಯಾಗಿದೆ ಎಂದರ್ಥ, ಗಂಟೆಗಟ್ಟಲೆ ಉಳಿದರೆ ಹೆಚ್ಚಾಗಿದೆ. ಹೊಲಿಗೆ ಮಾಯುವ ಮುನ್ನ ಇದನ್ನು ಯಾವಾಗ ಶುರುಮಾಡಬೇಕೆಂದು ವೈದ್ಯರೇ ಹೇಳಬೇಕು.

ಯಾವುದೇ ಅಭ್ಯಾಸವಾದರೂ ದಿನಕ್ಕೊಮ್ಮೆ ಒಂದು ಗಂಟೆ ಎಡೆಬಿಡದೆ ಮಾಡಿ ಸುಸ್ತಾಗುವುದಕ್ಕಿಂತ ಹತ್ತು ಹತ್ತು ನಿಮಿಷದಂತೆ ನಾಲ್ಕೈದು ಸಲ ಮಾಡುವುದು ಲೇಸು. ಮೂಲೆಯಲ್ಲಿ ಎರಡು ಗೋಡೆಗಳ ನಡುವೆ ಬೆನ್ನು ಮಾಡಿ ನಿಂತು, ಎದುರಿಗೆ ಒಂದು ಕುರ್ಚಿ ಇಟ್ಟುಕೊಂಡರೆ, ಎತ್ತ ವಾಲಿದರೂ ಬೀಳದಂತೆ ಅಭ್ಯಾಸ ಮಾಡಬಹುದು.

ಪ್ರಶ್ನೆ: ಮೊದಲಿನಂತೆ ನಡೆಯಲು ಎಷ್ಟು ದಿನ ಬೇಕು?

ಬಹುತೇಕರಲ್ಲಿ ವೇಗವಾದ ಸುಧಾರಣೆ ಕಾಣುವುದು ಮೊದಲ ಮೂರು ತಿಂಗಳಲ್ಲಿ. ಆಮೇಲೆ ನಿಧಾನವಾಗಿಯಾದರೂ ಒಂದು ವರ್ಷದವರೆಗೆ, ಕೆಲವರಲ್ಲಿ ಅದಕ್ಕೂ ಮುಂದೆ, ಸುಧಾರಣೆ ಮುಂದುವರಿಯುತ್ತದೆ. ಒಂದು ಬದಿಯ ಕಿವಿಯ ನರ ಹೋದವರಲ್ಲಿ ಮೊದಲ ಕೆಲವು ದಿನಗಳ ವಿಪರೀತ ಸುತ್ತು ಕಡಿಮೆಯಾಗಿ, ವಾರಗಳಿಂದ ತಿಂಗಳುಗಳ ಅವಧಿಯಲ್ಲಿ ಮೆದುಳು ಇನ್ನೊಂದು ಕಿವಿ, ಕಣ್ಣು, ಪಾದಗಳ ಸೂಚನೆಯಿಂದಲೇ ನಡೆಸಿಕೊಂಡು ಹೋಗಲು ಕಲಿಯುತ್ತದೆ. ಸಕ್ಕರೆ ಕಾಯಿಲೆಯಿಂದ ಪಾದ ಜೋಮು ಹಿಡಿದಿರುವವರಿಗೆ ಈ ಆಸರೆಗಳಲ್ಲಿ ಒಂದು ಮೊದಲೇ ಕಡಿಮೆಯಾಗಿರುವುದರಿಂದ ಹೆಚ್ಚು ಸಮಯ ಹಿಡಿಯುತ್ತದೆ.

ಪಕ್ಕದ ಬೀದಿಯವರು ಇಷ್ಟು ತಿಂಗಳಲ್ಲಿ ನಡೆದರು ಎಂಬ ಹೋಲಿಕೆಯಿಂದ ಏನೂ ಪ್ರಯೋಜನವಿಲ್ಲ, ಗೆಡ್ಡೆಯ ಜಾತಿ ಮತ್ತು ಜಾಗ ಎರಡೂ ಬೇರೆಯಿರುತ್ತವೆ. ನೋಡಲು ಬಂದ ನೆಂಟರಿಗೂ ಇದನ್ನು ಹೇಳಬೇಕಾಗುತ್ತದೆ. ಬೇಗ ಬೆಳೆಯುವ, ಮರುಕಳಿಸುವ ಗೆಡ್ಡೆಗಳಲ್ಲಿ ‘ಮೊದಲಿನಂತೆ’ ಎಂಬುದಕ್ಕಿಂತ, ಬಚ್ಚಲಿಗೆ ತಾವೇ ಹೋಗಿಬರುವುದು, ಜಗಲಿಯವರೆಗೆ ನಡೆದು ಕೂರುವುದು ಇಂಥ ಗುರಿಗಳನ್ನು ಇಟ್ಟುಕೊಳ್ಳುವುದೇ ಪ್ರಾಮಾಣಿಕವಾದ ಕ್ರಮ.

ಸುಧಾರಣೆಯನ್ನು ಅಳೆಯಲು ಒಂದು ಸುಲಭ ಪರೀಕ್ಷೆ ಇದೆ. ಕುರ್ಚಿಯಿಂದ 3 ಮೀಟರ್ ದೂರಕ್ಕೆ ಗುರುತು ಹಾಕಿ, ಎದ್ದು ಅಲ್ಲಿಯವರೆಗೆ ಹೋಗಿ ತಿರುಗಿ ಬಂದು ಕೂರಲು ಎಷ್ಟು ಸೆಕೆಂಡು ಹಿಡಿಯಿತು ಎಂದು ವಾರಕ್ಕೊಮ್ಮೆ ಮೊಬೈಲಿನಲ್ಲಿ ನೋಡಿ ಕ್ಯಾಲೆಂಡರಿನಲ್ಲಿ ಬರೆದಿಡಬಹುದು. ಪರೀಕ್ಷೆಯ ಹೊತ್ತಿನಲ್ಲಿ ಪಕ್ಕದಲ್ಲಿ ಒಬ್ಬರು ಇರಲೇಬೇಕು.

ಪ್ರಶ್ನೆ: ಆಪರೇಷನ್ನಿಗೆ ಮುಂಚೆ ನಡೆದುಕೊಂಡೇ ಒಳಗೆ ಹೋದವರು, ಹೊರಗೆ ಬಂದಾಗ ಒಂದು ಬದಿಯ ಕೈಕಾಲು ಎತ್ತುತ್ತಿಲ್ಲ. ಲಕ್ವ ಹೊಡೆದಿದೆಯೇ?

ಕೆಲವು ಸಲ ರಕ್ತಸ್ರಾವ ಅಥವಾ ರಕ್ತನಾಳದ ತಡೆಯಿಂದ ಹೀಗಾಗುತ್ತದೆ, ಅದನ್ನು ವೈದ್ಯರು ಕೂಡಲೇ ಸ್ಕ್ಯಾನ್ ಮಾಡಿ ನೋಡುತ್ತಾರೆ. ಆದರೆ ಚಲನೆಯನ್ನು ಆರಂಭಿಸುವ, ಮುಂಭಾಗದ ಒಂದು ಪ್ರದೇಶದಲ್ಲಿ ಗೆಡ್ಡೆ ತೆಗೆದಾಗ ಇನ್ನೊಂದು ಸ್ಥಿತಿ ಬರಬಹುದು: ಎದುರು ಬದಿಯ ಕೈಕಾಲು ಅಲುಗುವುದಿಲ್ಲ, ಕೆಲವರಲ್ಲಿ ಮಾತೂ ಹೊರಡುವುದಿಲ್ಲ. ಇದು ಹೆಚ್ಚಿನವರಲ್ಲಿ ವಾರಗಳಿಂದ ಕೆಲವು ತಿಂಗಳುಗಳೊಳಗೆ ಬಹುಮಟ್ಟಿಗೆ ಮರಳುತ್ತದೆ. ಇವೆರಡರಲ್ಲಿ ಯಾವುದು ಎಂದು ಶಸ್ತ್ರಚಿಕಿತ್ಸಕರನ್ನೇ ನೇರವಾಗಿ ಕೇಳಬೇಕು.

ಪ್ರಶ್ನೆ: ನಮ್ಮ ಯಜಮಾನರು ಸಮತಟ್ಟಿನಲ್ಲಿ ಚೆನ್ನಾಗಿಯೇ ನಡೆಯುತ್ತಾರೆ, ಆದರೆ ಕೆಳಗೆ ಕುಳಿತರೆ ಏಳಲಾಗುವುದಿಲ್ಲ. ಏನಿದು?

ಊತ ಇಳಿಸಲು ಕೊಡುವ ಡೆಕ್ಸಾಮೆಥಾಸೋನ್ ಎಂಬ ಸ್ಟೀರಾಯ್ಡ್ ಮಾತ್ರೆಯನ್ನು ವಾರಗಟ್ಟಲೆ ತೆಗೆದುಕೊಂಡವರಲ್ಲಿ ತೊಡೆ ಮತ್ತು ಸೊಂಟದ ಸ್ನಾಯುಗಳು ಸವೆಯುತ್ತವೆ. ನೆಲದಿಂದ ಏಳುವಾಗ, ಇಂಡಿಯನ್ ಟಾಯ್ಲೆಟ್ಟಿನಲ್ಲಿ ಕುಳಿತು ಏಳುವಾಗ, ಬಸ್ಸಿನ ಮೆಟ್ಟಿಲು ಹತ್ತುವಾಗ ಅದು ಗೊತ್ತಾಗುತ್ತದೆ. ಮೆದುಳಿಗೆ ಹೊಸದಾಗಿ ಏನೋ ಆಗಿದೆ ಎಂದು ಮನೆಯವರು ಹೆದರುತ್ತಾರೆ, ಕೆಲವರು ಮಾತ್ರೆಯೇ ಕಾರಣವೆಂದು ತಿಳಿದ ದಿನ ಅದನ್ನು ನಿಲ್ಲಿಸಿಬಿಡುತ್ತಾರೆ. ಎರಡನೆಯದು ಹೆಚ್ಚು ಅಪಾಯಕಾರಿ. ದೀರ್ಘಕಾಲ ತೆಗೆದುಕೊಂಡ ಸ್ಟೀರಾಯ್ಡನ್ನು ಒಮ್ಮೆಲೇ ನಿಲ್ಲಿಸಿದರೆ ಊತ ಮರಳಬಹುದು, ರಕ್ತದೊತ್ತಡ ಕುಸಿಯಬಹುದು, ಆದ್ದರಿಂದ ಪ್ರಮಾಣವನ್ನು ಹಂತಹಂತವಾಗಿ ಇಳಿಸುವುದು ವೈದ್ಯರ ಕೆಲಸ. ಈ ಮಾತ್ರೆಯಿಂದ ಸಕ್ಕರೆಯ ಅಂಶವೂ ಏರುವುದರಿಂದ ರಕ್ತಪರೀಕ್ಷೆ ತಪ್ಪಿಸಬಾರದು. ಮಾತ್ರೆ ಇಳಿದ ಮೇಲೆ, ಎತ್ತರದ ಕುರ್ಚಿಯಿಂದ ಎದ್ದು ಕೂರುವ ಅಭ್ಯಾಸದೊಂದಿಗೆ, ಸ್ನಾಯುಗಳು ನಿಧಾನವಾಗಿ ಚೇತರಿಸಿಕೊಳ್ಳುತ್ತವೆ.

ಫಿಟ್ಸ್ ಬಾರದಿರಲು ಕೊಡುವ ಔಷಧಿಗಳಿಂದಲೂ ನಡಿಗೆ ಕೆಡಬಹುದು. ಫೆನಿಟಾಯಿನ್ ಪ್ರಮಾಣ ರಕ್ತದಲ್ಲಿ ಹೆಚ್ಚಾದರೆ ಕುಡಿದವರಂತೆ ತೂರಾಡುತ್ತಾರೆ, ಕಣ್ಣುಗುಡ್ಡೆ ಅದುರುತ್ತದೆ. ರಕ್ತಪರೀಕ್ಷೆಯಲ್ಲಿ ಇದು ತಿಳಿಯುತ್ತದೆ. ಈ ಮಾತ್ರೆಯನ್ನೂ ತಾವಾಗಿ ನಿಲ್ಲಿಸಕೂಡದು.

ಪ್ರಶ್ನೆ: ತಲೆಸುತ್ತಿನ ಮಾತ್ರೆಯನ್ನು ಎಷ್ಟು ದಿನ ಮುಂದುವರಿಸಬೇಕು?

ವೈದ್ಯರು ಬರೆದಷ್ಟೇ ದಿನ. ಸುತ್ತನ್ನು ಅದುಮಿಡುವ ಮಾತ್ರೆಗಳು ಮೊದಲ ದಿನಗಳಲ್ಲಿ ವಾಂತಿ ನಿಲ್ಲಿಸಲು ಬೇಕು, ಆದರೆ ಅವನ್ನು ತಿಂಗಳುಗಟ್ಟಲೆ ನುಂಗಿದರೆ ಮೆದುಳು ಒಗ್ಗಿಕೊಳ್ಳುವುದು ತಡವಾಗುತ್ತದೆ. ಹಳೆಯ ಚೀಟಿ ತೋರಿಸಿ ಮೆಡಿಕಲ್ ಸ್ಟೋರಿನಲ್ಲಿ ಮತ್ತೆ ಮತ್ತೆ ಕೊಳ್ಳುವ ಅಭ್ಯಾಸ ನಮ್ಮ ಕಡೆ ಹೆಚ್ಚು, ಅದನ್ನು ಬಿಡಬೇಕು.

ಪ್ರಶ್ನೆ: ಮನೆಯಲ್ಲಿ ಬೀಳದಂತೆ ಏನೇನು ಮಾಡಬೇಕು?

ಬಚ್ಚಲಿನಿಂದ ಶುರುಮಾಡಿ. ಸಮತೋಲನಕ್ಕೆ ಕಣ್ಣು, ಒಳಕಿವಿ, ಪಾದದ ಅರಿವು ಈ ಮೂರೂ ಬೇಕು. ನಿಂತುಕೊಂಡು ಮುಖಕ್ಕೆ ಸೋಪು ಹಚ್ಚಿ ಕಣ್ಣು ಮುಚ್ಚಿದ ಕ್ಷಣ ಕಣ್ಣಿನ ಆಸರೆ ಹೋಗುತ್ತದೆ, ಅದೇ ಹೊತ್ತಿಗೆ ಚೊಂಬಿಗಾಗಿ ಬಗ್ಗುತ್ತಾರೆ, ಕಾಲಡಿಯಲ್ಲಿ ಸೋಪಿನ ನೀರು ಹರಿಯುತ್ತಿರುತ್ತದೆ. ಬೀಳಲು ಇನ್ನೇನೂ ಬೇಕಾಗಿಲ್ಲ. ಕೈಯಿರುವ ಗಟ್ಟಿ ಪ್ಲಾಸ್ಟಿಕ್ ಕುರ್ಚಿಯ ಮೇಲೆ ಕುಳಿತೇ ಸ್ನಾನ ಮಾಡಬೇಕು, ಬಕೆಟ್ಟನ್ನು ಇನ್ನೊಂದು ಸ್ಟೂಲಿನ ಮೇಲಿಟ್ಟರೆ ಬಗ್ಗಬೇಕಾಗಿಲ್ಲ, ಮುಖವನ್ನು ಒದ್ದೆ ಬಟ್ಟೆಯಿಂದ ಒರೆಸಿಕೊಂಡರೆ ಸಾಕು. ಮಣೆ ಬೇಡ, ಅಷ್ಟು ತಗ್ಗಿನಿಂದ ಏಳುವುದೇ ಇವರಿಗೆ ಕಷ್ಟ.

ಮಂಡ್ಯ ಕಡೆಯ ಹಳೆಯ ತೊಟ್ಟಿ ಮನೆಗಳಲ್ಲಿ ಹೊಸ್ತಿಲು ಎತ್ತರ, ಅದರ ಮೇಲೆ ಕಾಲಿಡುವುದಿಲ್ಲ ಎಂಬ ಪದ್ಧತಿಯೂ ಇದೆ. ದಾಟಲು ಒಂದು ಕಾಲಿನ ಮೇಲೆ ನಿಂತು ಇನ್ನೊಂದನ್ನು ಎತ್ತರಕ್ಕೆ ಎತ್ತಬೇಕಾಗುತ್ತದೆ. ಬಾಗಿಲ ಪಕ್ಕದ ಗೋಡೆಗೆ ಒಂದು ಹಿಡಿಕೆ ಹಾಕಿಸಿ. ಹವಾಯಿ ಚಪ್ಪಲಿ ಬಿಟ್ಟು ಹಿಮ್ಮಡಿಗೆ ಪಟ್ಟಿಯಿರುವ ಚಪ್ಪಲಿ ಹಾಕಿಸಿ. ರಾತ್ರಿ ಕರೆಂಟು ಹೋದಾಗ ತಾನಾಗಿ ಉರಿಯುವ ಬ್ಯಾಟರಿ ಬಲ್ಬನ್ನು ಮಂಚದಿಂದ ಬಚ್ಚಲಿಗೆ ಹೋಗುವ ದಾರಿಯಲ್ಲಿ ಹಾಕಿಸಿ, ಕತ್ತಲಲ್ಲಿ ಇವರ ನಡಿಗೆ ಹಗಲಿನ ಅರ್ಧದಷ್ಟೂ ಇರುವುದಿಲ್ಲ.

ನಡೆಸುವವರು ಬಲಹೀನ ಬದಿಯಲ್ಲಿ, ಅರ್ಧ ಹೆಜ್ಜೆ ಹಿಂದೆ ನಿಲ್ಲಬೇಕು. ಬಲಹೀನ ಕೈಯನ್ನು ಹಿಡಿದೆಳೆದರೆ ಭುಜದ ಕೀಲು ಜಾರುತ್ತದೆ. ಪಂಚೆಯನ್ನೋ ಲುಂಗಿಯನ್ನೋ ಹಿಂದಿನಿಂದ ಹಿಡಿದು ನಡೆಸುವವರನ್ನು ಕಾಣುತ್ತೇವೆ. ವಾಲಿದ ಕೂಡಲೇ ಗಂಟು ಬಿಚ್ಚಿಕೊಂಡು ಬಟ್ಟೆ ಕೈಗೆ ಬರುತ್ತದೆಯೇ ಹೊರತು ಮನುಷ್ಯ ನಿಲ್ಲುವುದಿಲ್ಲ. ಅಗಲವಾದ ಬೆಲ್ಟನ್ನು ಬಟ್ಟೆಯ ಮೇಲೆ ಸೊಂಟಕ್ಕೆ ಬಿಗಿದು ಅದನ್ನು ಹಿಡಿದುಕೊಳ್ಳಬೇಕು.

ಪ್ರಶ್ನೆ: ಎಣ್ಣೆ ಮಾಲೀಶು ಮಾಡಿಸಬಹುದೇ?

ತೂರಾಟ ಮೆದುಳಿನಿಂದ ಬಂದಿದ್ದರೆ ಕಾಲು ತಿಕ್ಕಿದರೆ ಹೋಗುವುದಿಲ್ಲ. ಕಾಲು ತಿಕ್ಕಿಸಿಕೊಂಡರೆ ಹಿತವೆನಿಸುವುದು ನಿಜ, ಆದರೆ ಒಂದು ಎಚ್ಚರಿಕೆ ಇದೆ. ಮೆದುಳಿನ ಗೆಡ್ಡೆಯ ಶಸ್ತ್ರಚಿಕಿತ್ಸೆಯಾದವರಲ್ಲಿ ಕಾಲಿನ ಆಳದ ರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟುವ ಸಂಭವ ಹೆಚ್ಚು. ಒಂದೇ ಕಾಲಿನ ಮೀನಖಂಡ ಊದಿ, ಬಿಸಿಯಾಗಿ, ನೋಯುತ್ತಿದ್ದರೆ ಅದನ್ನು ತಿಕ್ಕಲೇಬಾರದು. ಹೆಪ್ಪು ಕಳಚಿಕೊಂಡು ಶ್ವಾಸಕೋಶಕ್ಕೆ ಹೋದರೆ ಪ್ರಾಣಕ್ಕೇ ಅಪಾಯ. ಅದೇ ದಿನ ಆಸ್ಪತ್ರೆಗೆ ಹೋಗಬೇಕು.

ಪ್ರಶ್ನೆ: ವಾಕರ್ ಹಿಡಿದರೆ ಅದೇ ಅಭ್ಯಾಸವಾಗಿ ಬಿಡುತ್ತದೆಯೇ?

ಈ ಭಯದಿಂದ ವಾಕರನ್ನು ಮೂಲೆಗಿಟ್ಟು ಬಿದ್ದು ತೊಡೆಮೂಳೆ ಮುರಿದುಕೊಂಡರೆ ತಿಂಗಳುಗಳ ಶ್ರಮ ವ್ಯರ್ಥವಾಗುತ್ತದೆ. ಒಂದು ಕಾಲು ಬಲಹೀನವಾಗಿದ್ದರೆ ಕೋಲನ್ನು ಎದುರು ಕೈಯಲ್ಲಿ ಹಿಡಿಯಬೇಕು. ಮೆಟ್ಟಿಲು ಹತ್ತುವಾಗ ಬಲವಾದ ಕಾಲು ಮೊದಲು, ಇಳಿಯುವಾಗ ಬಲಹೀನ ಕಾಲು ಮೊದಲು. ಕಿರುಮೆದುಳಿನ ತೊಂದರೆಯಲ್ಲಿ ಒಂಟಿ ಕೋಲಿನಿಂದ ಹೆಚ್ಚು ಉಪಯೋಗವಿಲ್ಲ, ಕೈಯೇ ತೂಗಾಡುವುದರಿಂದ ಕೋಲೂ ತೂಗಾಡುತ್ತದೆ. ಇವರಿಗೆ ವಾಕರ್ ಬೇಕು, ಅದು ತೀರ ಹಗುರವಾಗಿದ್ದರೆ ಫಿಸಿಯೋಥೆರಪಿಸ್ಟರು ಅದಕ್ಕೆ ಭಾರ ಕಟ್ಟಿಸುವುದುಂಟು.

ಪ್ರಶ್ನೆ: ಚೇತರಿಸಿಕೊಂಡಿದ್ದವರು ರೇಡಿಯೇಷನ್ ಶುರುವಾದ ಮೇಲೆ ಮತ್ತೆ ಕುಸಿದಿದ್ದಾರೆ. ಗೆಡ್ಡೆ ಮರಳಿತೇ?

ಹಾಗೆಂದುಕೊಳ್ಳುವ ಅಗತ್ಯವಿಲ್ಲ. ವಾರಕ್ಕೆ ಐದು ದಿನದಂತೆ ಸುಮಾರು ಆರು ವಾರ ನಡೆಯುವ ಚಿಕಿತ್ಸೆಯಲ್ಲಿ ಆಯಾಸ ದಿನೇ ದಿನೇ ಕೂಡುತ್ತಾ ಹೋಗುತ್ತದೆ, ಊತವೂ ತಾತ್ಕಾಲಿಕವಾಗಿ ಹೆಚ್ಚಬಹುದು, ಮುಗಿದ ಕೆಲವು ವಾರಗಳ ನಂತರ ತೂಕಡಿಕೆ ಕಾಣುವುದೂ ಇದೆ. ಮಳವಳ್ಳಿಯಿಂದಲೋ ನಾಗಮಂಗಲದಿಂದಲೋ ದಿನವೂ ಬಸ್ಸಿನಲ್ಲಿ ಬಂದುಹೋಗುವವರಿಗೆ ಪ್ರಯಾಣದ ದಣಿವೂ ಸೇರುತ್ತದೆ. ಆ ದಿನಗಳಲ್ಲಿ ವ್ಯಾಯಾಮವನ್ನು ಅರ್ಧಕ್ಕಿಳಿಸಿ, ಪೂರ್ತಿ ನಿಲ್ಲಿಸಬೇಡಿ. ಆದರೆ ವೈದ್ಯರಿಗೆ ತಪ್ಪದೆ ತಿಳಿಸಿರಿ.

ಪ್ರಶ್ನೆ: ಯಾವ ಲಕ್ಷಣ ಕಂಡರೆ ಕಾಯದೆ ಆಸ್ಪತ್ರೆಗೆ ಹೋಗಬೇಕು?

ತಲೆನೋವು ಏರುತ್ತಾ ವಾಂತಿಯಾಗುವುದು, ಎಬ್ಬಿಸಿದರೂ ಸರಿಯಾಗಿ ಎಚ್ಚರವಾಗದಿರುವುದು, ಫಿಟ್ಸ್, ಜ್ವರದೊಂದಿಗೆ ಕುತ್ತಿಗೆ ಬಿಗಿಯುವುದು, ಹೊಲಿಗೆಯಿಂದಲೋ ಮೂಗಿನಿಂದಲೋ ತಿಳಿನೀರು ಸೋರುವುದು, ಹೊಸದಾಗಿ ಕೈಕಾಲು ಸೋಲುವುದು, ಇದ್ದಕ್ಕಿದ್ದಂತೆ ಉಸಿರು ಕಟ್ಟುವುದು. ಇನ್ನೊಂದು ನಿಧಾನವಾಗಿ ಬರುವುದರಿಂದ ಕಣ್ತಪ್ಪುತ್ತದೆ: ಪಾದ ನೆಲಕ್ಕೆ ಅಂಟಿದಂತೆ ನಡಿಗೆ ಸಣ್ಣದಾಗುವುದು, ಮಂಕು ಕವಿಯುವುದು, ಬಟ್ಟೆಯಲ್ಲೇ ಮೂತ್ರವಾಗುವುದು. ಇವು ಒಟ್ಟಿಗೆ ಕಂಡರೆ ಮೆದುಳಿನಲ್ಲಿ ನೀರು ತುಂಬುತ್ತಿರಬಹುದು, ವಯಸ್ಸಾಯಿತು ಎಂದು ಸುಮ್ಮನಾಗಬಾರದು. ನಳಿಕೆ ಅಳವಡಿಸಿ ನೀರನ್ನು ಹೊಟ್ಟೆಗೆ ಹರಿಸಿದರೆ ನಡಿಗೆ ಮರಳುವ ಸಾಧ್ಯತೆ ಚೆನ್ನಾಗಿದೆ.

ಪ್ರಶ್ನೆ: ಊಟದಲ್ಲಿ ಪಥ್ಯ ಇದೆಯೇ? ಮುದ್ದೆ ಕೊಡಬಹುದೇ?

ನಂಜು ಎಂದು ಮೊಟ್ಟೆ, ಬೇಳೆ, ಮಾಂಸ ಎಲ್ಲವನ್ನೂ ನಿಲ್ಲಿಸಿ ಗಂಜಿಯಲ್ಲೇ ಇಡುವುದರಿಂದ, ಸವೆದ ಸ್ನಾಯು ಇನ್ನಷ್ಟು ಸವೆಯುತ್ತದೆ. ಕಾಳು, ಮೊಟ್ಟೆ, ಮೊಸರು ಧಾರಾಳವಾಗಿ ಕೊಡಿ. ಮುದ್ದೆಯ ವಿಷಯ ಬೇರೆ. ತಲೆಯ ಹಿಂಭಾಗದ ಶಸ್ತ್ರಚಿಕಿತ್ಸೆಯಾದವರಲ್ಲಿ ನುಂಗುವ ನರಗಳಿಗೂ ತೊಂದರೆಯಾಗಿರಬಹುದು. ಅಂಥವರಿಗೆ ಅಗಿಯದೆ ನುಂಗುವ ಮುದ್ದೆಯನ್ನು ತೆಳು ಸಾರಿನಲ್ಲಿ ಅದ್ದಿ ಕೊಟ್ಟರೆ ಗಂಟಲಿಗೆ ಸಿಕ್ಕಿಕೊಳ್ಳಬಹುದು, ಸಾರು ಶ್ವಾಸನಾಳಕ್ಕೆ ಇಳಿಯಬಹುದು. ನೀರು ಕುಡಿಯುವಾಗ ಕೆಮ್ಮು ಬರುತ್ತಿದ್ದರೆ ಮೊದಲು ನುಂಗುವ ಪರೀಕ್ಷೆ ಮಾಡಿಸಿ.

ಪ್ರಶ್ನೆ: ಮಕ್ಕಳಲ್ಲಿ ಚೇತರಿಕೆ ಬೇರೆಯೇ?

ಮಕ್ಕಳಲ್ಲಿ ಕಿರುಮೆದುಳಿನ ಭಾಗದ ಗೆಡ್ಡೆಗಳು ಹೆಚ್ಚು. ಶಸ್ತ್ರಚಿಕಿತ್ಸೆಯಾದ ಒಂದೆರಡು ದಿನಗಳ ನಂತರ ಕೆಲವು ಮಕ್ಕಳು ಮಾತು ನಿಲ್ಲಿಸಿ, ಮೈ ಸಡಿಲವಾಗಿ, ಸದಾ ಅಳುತ್ತಾ ಇರುತ್ತಾರೆ. ಮಾತು ಸಾಮಾನ್ಯವಾಗಿ ವಾರಗಳಿಂದ ತಿಂಗಳುಗಳಲ್ಲಿ ಮರಳುತ್ತದೆ, ನಡಿಗೆಯ ತೂರಾಟ ಸ್ವಲ್ಪ ಉಳಿಯಬಹುದು. ಶಾಲೆಗೆ ಮರಳುವಾಗ ಮೊದಲು ಅರ್ಧ ದಿನ, ನೆಲಮಹಡಿಯ ತರಗತಿ ಎಂದು ಮುಖ್ಯೋಪಾಧ್ಯಾಯರೊಂದಿಗೆ ಮಾತಾಡಿಕೊಳ್ಳಿ.

ಪ್ರಶ್ನೆ: ಶಸ್ತ್ರಚಿಕಿತ್ಸೆ ಬೆಂಗಳೂರಿನಲ್ಲಾಯಿತು. ಫಿಸಿಯೋಥೆರಪಿಗೂ ಅಲ್ಲಿಗೇ ಹೋಗಬೇಕೇ?

ಬೇಕಿಲ್ಲ. ನಿಮ್ಹಾನ್ಸ್‌ನಂತಹ ಕಡೆ ಮರುತಪಾಸಣೆಗೆ ಹೇಳಿದ ದಿನ ಹೋಗಲೇಬೇಕು, ಆದರೆ ನಿತ್ಯದ ಅಭ್ಯಾಸ ಮನೆಗೆ ಹತ್ತಿರದಲ್ಲೇ ಆಗಬೇಕು. ಮೈಸೂರಿನ ಕೆ.ಆರ್. ಆಸ್ಪತ್ರೆ, ಮಂಡ್ಯದ ಮಿಮ್ಸ್ ಮುಂತಾದ ಸರ್ಕಾರಿ ಬೋಧನಾ ಆಸ್ಪತ್ರೆಗಳಲ್ಲಿ ವಿಚಾರಿಸಬಹುದು, ಮೈಸೂರಿನಲ್ಲಿ ಫಿಸಿಯೋಥೆರಪಿ ಕಾಲೇಜುಗಳೂ ಇವೆ. ಕಿವಿ, ಮಾತು, ನುಂಗುವಿಕೆಯ ತೊಂದರೆ ಜೊತೆಗಿದ್ದವರು ಮಾನಸಗಂಗೋತ್ರಿಯಲ್ಲಿ 1965ರಿಂದ ಇರುವ ಅಖಿಲ ಭಾರತ ವಾಕ್ ಮತ್ತು ಶ್ರವಣ ಸಂಸ್ಥೆಯನ್ನು ನೋಡಬೇಕು. ಹಳ್ಳಿಯವರಾದರೆ, ಪ್ರತಿ ಭೇಟಿಗೂ ಮನೆಯಲ್ಲಿ ನಿಜವಾಗಿ ಅಭ್ಯಾಸ ಮಾಡಿಸುವವರನ್ನೇ, ಅದು ಸೊಸೆಯೋ ಮೊಮ್ಮಗನೋ ಆಗಿರಲಿ, ಕರೆತನ್ನಿ, ವ್ಯಾಯಾಮವನ್ನು ಅವರ ಮೊಬೈಲಿನಲ್ಲೇ ವಿಡಿಯೊ ಮಾಡಿಕೊಳ್ಳಲು ಕೇಳಿ.

ಪ್ರಶ್ನೆ: ಹೊರಗೆ ನಡೆಯುವುದು ಯಾವಾಗ? ಚಾಮುಂಡಿ ಬೆಟ್ಟದ ಮೆಟ್ಟಿಲು ಹತ್ತುವ ಹರಕೆ ಇದೆ.

ಮನೆಯೊಳಗೆ ಆಸರೆಯಿಲ್ಲದೆ ತಿರುಗಿ ನಡೆಯಲು ಬಂದ ಮೇಲೆ ಅಂಗಳ, ನಂತರ ಬೀದಿ, ನಂತರ ಉದ್ಯಾನ. ಕುಕ್ಕರಹಳ್ಳಿ ಕೆರೆಯ ದಂಡೆ ಸಮತಟ್ಟಾಗಿದ್ದರೂ ಸುತ್ತು ದೊಡ್ಡದು, ಪೂರ್ತಿ ಸುತ್ತುವ ಆಸೆ ಬಿಟ್ಟು ಸ್ವಲ್ಪ ದೂರ ಹೋಗಿ ಹಿಂತಿರುಗಬೇಕು. ಗದ್ದೆಯ ಬದು ಮತ್ತು ನಾಲೆಯ ಏರಿ ಕೊನೆಗೆ ಬರಬೇಕಾದವು: ಕಿರಿದು, ಓರೆ, ಪಕ್ಕದಲ್ಲಿ ನೀರು. ಕಿರುಮೆದುಳಿನ ತೊಂದರೆಯಿದ್ದವರೂ ಫಿಟ್ಸ್ ಇದ್ದವರೂ ಅಲ್ಲಿ ಒಬ್ಬರೇ ಓಡಾಡಲೇಬಾರದು.

ಬೆಟ್ಟದ ಸಾವಿರಕ್ಕೂ ಮಿಕ್ಕ ಮೆಟ್ಟಿಲುಗಳನ್ನು ಹತ್ತುವುದಕ್ಕಿಂತ ಇಳಿಯುವುದು ಇವರಿಗೆ ಕಷ್ಟ. ಹರಕೆ ತೀರಿಸಲೇಬೇಕೆಂದಿದ್ದರೆ, ವೈದ್ಯರು ಒಪ್ಪಿದ ಮೇಲೆ, ಬಸ್ಸಿನಲ್ಲಿ ಮೇಲೆ ಹೋಗಿ ಗುಡಿಯ ಹತ್ತಿರದ ಕೆಲವು ಮೆಟ್ಟಿಲುಗಳನ್ನು ಕೈಹಿಡಿದು ಹತ್ತಬಹುದು. ತಾಯಿ ಲೆಕ್ಕ ಇಡುವುದಿಲ್ಲ ಎಂದು ಹಿರಿಯರೇ ಹೇಳುವುದುಂಟು.

ಪ್ರಶ್ನೆ: ಅಂಗವಿಕಲರ ಗುರುತಿನ ಚೀಟಿ ಸಿಗುತ್ತದೆಯೇ?

ಚಿಕಿತ್ಸೆ ಮುಗಿದ ಮೇಲೂ ತೊಂದರೆ ಉಳಿದಿದ್ದರೆ ಅಂಗವಿಕಲರ ಹಕ್ಕುಗಳ 2016ರ ಕಾಯ್ದೆಯಡಿ ಯುಡಿಐಡಿ ಎಂಬ ಗುರುತಿನ ಕಾರ್ಡಿಗೆ ಅರ್ಜಿ ಹಾಕಬಹುದು. ವೈದ್ಯಕೀಯ ತಪಾಸಣೆಯಲ್ಲಿ ಅಂಗವೈಕಲ್ಯ 40 ಪ್ರತಿಶತ ಅಥವಾ ಹೆಚ್ಚು ಎಂದಾದರೆ ಸೌಲಭ್ಯಗಳಿಗೆ ದಾರಿಯಾಗುತ್ತದೆ.

ಪ್ರಶ್ನೆ: ಬೈಕು ಓಡಿಸುವುದು ಯಾವಾಗ?

ನಡಿಗೆ ಸರಿಯಾಯಿತು ಎಂಬುದು ಬೈಕಿಗೆ ಅನುಮತಿಯಲ್ಲ. ಚಾಲನಾ ಪರವಾನಗಿಯ ಫಾರಂ 1ರಲ್ಲಿ ಫಿಟ್ಸ್, ಹಠಾತ್ತಾಗಿ ಪ್ರಜ್ಞೆ ತಪ್ಪುವುದು, ತಲೆಸುತ್ತು ಇವೆಯೇ ಎಂದು ಅರ್ಜಿದಾರರೇ ಘೋಷಿಸಬೇಕಾದ ಪ್ರಶ್ನೆ ಇದೆ. ಫಿಟ್ಸ್ ಬಂದಿದ್ದವರು, ಒಂದು ಬದಿ ಕಾಣದವರು, ಎರಡೆರಡಾಗಿ ಕಾಣುವವರು ಬೈಕು, ಕಾರು, ಟ್ರ್ಯಾಕ್ಟರ್ ಯಾವುದನ್ನೂ ನರರೋಗ ತಜ್ಞರ ಲಿಖಿತ ಒಪ್ಪಿಗೆಯಿಲ್ಲದೆ ಮುಟ್ಟಬಾರದು. ಸ್ವಂತ ಹೊಲದೊಳಗೇ ಅಲ್ಲವೇ ಎಂದು ಟ್ರ್ಯಾಕ್ಟರ್ ಹತ್ತುವವರಿಗೂ ಇದು ಅನ್ವಯಿಸುತ್ತದೆ.